ನಾಲ್ಕು ಅಂಕದ ಮದುಮಗ

ಆ ಶನಿವಾರ ಶಾಲೆ ಬಿಟ್ಟ ಮೇಲೆ ಕಮಲಾಪುರದ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಏಳು ಮಂದಿ ಇದ್ದೆವು, ಕುರ್ಚಿ ಆರು. ಕಿಟಕಿಯ ಕಡೆ ಹೆಡ್ ಮಾಸ್ತರರು, ಅವರ ಬಾಜೂಕ್ಕೆ ವಿಜ್ಞಾನದ ಮೇಡಂ. ಎದುರಿಗೆ ಕಲಬುರಗಿಯ ಬ್ರಹ್ಮಪುರದಿಂದ ಬಂದಿದ್ದ ಒಬ್ಬ ಹಿರಿಯರು. ಅವರ ಕಿರಿ ಮಗಳನ್ನು ನನಗೆ ಕೊಡುವುದೆಂದು ಮಾತಾಗಿ ಇಪ್ಪತ್ತು ದಿನವಾಗಿತ್ತು. ಅವರ ಪಕ್ಕದಲ್ಲಿ ಅವರ ಹಿರಿ ಅಳಿಯ, ಕಮಲಾಪುರದವರೇ, ಮೊಬೈಲನ್ನು ಕೂಸಿನ ಹಾಗೆ ಎದೆಗೆ ಅವಚಿಕೊಂಡು ಕೂತಿದ್ದರು. ಈ ಕಡೆ ನಮ್ಮ ಕಾಕಾ, ಈ ಸಂಬಂಧ ಕುದುರಿಸಿದವರು, ನೆಲ ನೋಡುತ್ತಿದ್ದರು. ಆರನೇ ಕುರ್ಚಿಯಲ್ಲಿ ಲೆಕ್ಕದ ಸರ್. ನಿಂತವನು ನಾನು. ಆರೋಪಿ ನಿಲ್ಲುವುದು ವಾಡಿಕೆ.

ಮೇಜಿನ ಮೇಲೆ ಒಂಬತ್ತನೇ ವರ್ಗದ ಗಣಿತದ ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆ ಇತ್ತು. ಅದರ ಹನ್ನೆರಡನೇ ಪ್ರಶ್ನೆಗೆ ಯಾರೋ ಕೆಂಪು ಪೆನ್ನಿನಿಂದ ಸುತ್ತು ಹಾಕಿದ್ದರು. ನನ್ನ ಮದುವೆ ಆಗುತ್ತದೋ ಇಲ್ಲವೋ ಎನ್ನುವುದು ಆ ಸುತ್ತಿನೊಳಗೆ ಕೂತಿತ್ತು.

ಹುಡುಗಿಯ ತಂದೆ ಸರ್ ಕಡೆ ತಿರುಗಿ ಕೇಳಿದರು: "ಸರ್, ಒಂದ ಮಾತು ಕೇಳ್ತೀನಿ. ಈ ಲೆಕ್ಕಾ ಖರೆ ಏನ್ರೀ?"

ಸರ್ ಏನು ಹೇಳಿದರು ಎನ್ನುವ ಮೊದಲು ಅವರು ಎಂಥವರು ಎಂದು ಹೇಳಬೇಕು. ಇಲ್ಲದಿದ್ದರೆ ಅವರು ಆಡಿದ ಮಾತಿನ ತೂಕ ನಿಮಗೆ ಹತ್ತುವುದಿಲ್ಲ. ಇದೆಲ್ಲ ಆಗಿ ಎಷ್ಟೋ ದಿನದ ಮೇಲೆ, ಹೋದ ಬೇಸಿಗೆಯಲ್ಲಿ ಅವರು ನಿವೃತ್ತರಾದರು. ಬೀಳ್ಕೊಡುವ ದಿನ ಹಾರ ಹಾಕಿಸಿಕೊಂಡವರು, ಅದರಲ್ಲಿ ಹೂ ಎಷ್ಟಿರಬಹುದೆಂದು ಒಂದು ಗೇಣಿನಷ್ಟು ಎಣಿಸಿ, ಉಳಿದದ್ದನ್ನು ಗೇಣಿನಿಂದ ಅಳೆಯುತ್ತ ಕೂತಿದ್ದರು. ಅವರ ಬಗ್ಗೆ ಆವತ್ತು ನಾಲ್ಕು ಮಂದಿ ಭಾಷಣ ಮಾಡಿದೆವು. ಶಿಸ್ತು ಅಂದೆವು, ಸಮಯಪಾಲನೆ ಅಂದೆವು. ಆ ಶನಿವಾರದ ಸಂಗತಿ ಮಾತ್ರ ಯಾರೂ ಹೇಳಲಿಲ್ಲ. ಹೇಳಬೇಕಾದವನು ನಾನೇ ಆಗಿದ್ದೆ, ನನಗೆ ನಾಚಿಕೆಯಾಯಿತು.

ಸರ್ ಕುಳ್ಳಗಿದ್ದರು. ಬಡಿಗ ಪೆನ್ಸಿಲ್ ಇಟ್ಟುಕೊಳ್ಳುವ ಹಾಗೆ ಬಲಗಿವಿಯ ಮೇಲೆ ಚಾಕ್‌ಪೀಸ್ ಇಟ್ಟುಕೊಳ್ಳುತ್ತಿದ್ದರು. ಆ ಕಿವಿ ಬೆಳಿಗ್ಗೆ ಕಪ್ಪಗಿದ್ದದ್ದು ಸಂಜೆಗೆ ಬೆಳ್ಳಗಾಗುತ್ತಿತ್ತು. ಅವರ ಛತ್ರಿಯ ಮೇಲೆ ಗೇಣಿಗೊಂದರಂತೆ ಹೆಂಡತಿಯ ಉಗುರುಬಣ್ಣದ ಗುರುತುಗಳಿದ್ದವು. ಮಳೆ ಬಂದರೆ ಛತ್ರಿ ಬಿಚ್ಚುವುದನ್ನು ಮರೆತು, ನೀರು ಎಷ್ಟು ನಿಂತಿದೆ ಎಂದು ಅದರಿಂದ ಅಳೆಯುವವರು.

ಅವರ ಪಾಠದಲ್ಲಿ ಒಂದೇ ಮಂತ್ರ: "ಮೊದಲ ಅಂದಾಜು, ಆಮ್ಯಾಲ ಸಮೀಕರಣ." ಲೆಕ್ಕ ಓದಿ ಮುಗಿದ ಕೂಡಲೇ ಯಾರೂ ಪೆನ್ನು ಮುಟ್ಟಬಾರದು. ಉತ್ತರ ಸುಮಾರು ಎಷ್ಟಿರಬಹುದೆಂದು ಕೂಗಿ ಹೇಳಬೇಕು. ಯಾಕೆ ಸರ್ ಎಂದು ಒಮ್ಮೆ ಕೇಳಿದ್ದಕ್ಕೆ ಅಂದರು, "ಮಾಸ್ತರ, ಮನಿಗಿ ಬೀಗರು ಬರೋರಿದ್ರ ಅವರು ಹ್ಯಾಂಗದಾರ ಅಂತ ಮೊದಲ ಗೊತ್ತಿರಬೇಕು. ಇಲ್ಲಾಂದ್ರ ಬಾಗಲಿಗಿ ಬಂದವರಿಗೆಲ್ಲಾ ಚಹಾ ಕೊಟ್ಟು ಕುಂಡ್ರಬೇಕಾಗ್ತದ. ಉತ್ತರಾನೂ ಹಂಗ. ಬಂದ ಕೂಡ್ಲೆ ಮುಖಾ ಗುರುತು ಸಿಗಬೇಕು."

ಗುರುತು ಸಿಗದ ಉತ್ತರ ತಂದವರ ಪಾಡು ದೇವರಿಗೇ ಪ್ರೀತಿ. ಕಲಬುರಗಿಯಿಂದ ಕಮಲಾಪುರಕ್ಕೆ ಮೂವತ್ತೆಂಟು ಕಿಲೋಮೀಟರು, ಬಸ್ಸು ಅರವತ್ತು ನಿಮಿಷಕ್ಕೆ ಬಂತು, ಅದರ ವೇಗ ಎಷ್ಟು ಎಂದು ಕೇಳಿದರೆ ಒಬ್ಬ ಮಹಾನುಭಾವ ಎರಡನ್ನೂ ಗುಣಿಸಿ ಗಂಟೆಗೆ ಎರಡು ಸಾವಿರದ ಇನ್ನೂರ ಎಂಬತ್ತು ಎಂದ. ಸರ್ ತಕ್ಷಣ ತಲೆಗೆ ಕರವಸ್ತ್ರ ಬಿಗಿದುಕೊಂಡು, ಎರಡೂ ಕೈಯಿಂದ ಮೇಜು ಹಿಡಿದು, ಕಣ್ಣು ಮುಚ್ಚಿದರು. "ಹಿಡಕೋರೋ! ಎಲ್ಲಾರೂ ಬೆಂಚ ಹಿಡಕೋರಿ! ಒಂದು ನಿಮಿಷ ಆತು, ಕಮಲಾಪುರ ಹೋತು! ಮೂರು ನಿಮಿಷ ಆತು, ಬೀದರ ಹೋತು! ಯಪ್ಪಾ ಡ್ರೈವರಾ, ನಿಂದರಸೋ, ನನ್ನ ಧೋತರ ಹಾರ್ಲಿಕತ್ತದ!" ಅವರು ತೊಟ್ಟದ್ದು ಪ್ಯಾಂಟು. ಮಕ್ಕಳು ಖರೆಯಾಗಿ ಬೆಂಚು ಹಿಡಿದುಕೊಂಡು ವಾಲಿದರು. ಬಾಜೂ ಕೋಣೆಯಲ್ಲಿ ಹಳಗನ್ನಡ ಹೇಳುತ್ತಿದ್ದ ನಾನು ಭೂಕಂಪವೆಂದು ಹೊರಗೋಡಿ ಬಂದೆ.

ಇನ್ನೊಮ್ಮೆ ಹನ್ನೆರಡು ಮಂದಿ ಐದು ದಿನದಲ್ಲಿ ತೋಡುವ ಕಾಲುವೆಯನ್ನು ಎಂಟು ದಿನದಲ್ಲಿ ತೋಡಲು ಎಷ್ಟು ಮಂದಿ ಬೇಕು ಎಂದದ್ದಕ್ಕೆ ಒಬ್ಬ ಏಳೂವರೆ ಮಂದಿ ಎಂದು ಬರೆದ. ಸರ್ ಅವನನ್ನು ಮೈದಾನಕ್ಕೆ ಕಳಿಸಿದರು: "ಉಳಿದ ಅರ್ಧ ಮನಷ್ಯಾ ಎಲ್ಲೆದಾನ, ಹುಡುಕ್ಕೊಂಡು ಬಾ." ಹುಡುಗ ಬೇವಿನ ಗಿಡದ ಹಿಂದೆ, ನೀರಿನ ಟ್ಯಾಂಕಿನ ಹಿಂದೆ ನೋಡುತ್ತ ಹೊರಟ. ಹೆಡ್ ಮಾಸ್ತರರು ಎದುರಾಗಿ ಏನು ಹುಡುಕುತ್ತೀ ಎಂದರು. "ಅರ್ಧ ಮನಷ್ಯಾ ಬೇಕಾಗ್ಯಾನ್ರಿ." ಹೆಡ್ ಮಾಸ್ತರರು ನಗಲಿಲ್ಲ. "ಸಿಕ್ಕರ ಮೊದಲ ನನ್ನ ಕಡಿ ಕಳಸು. ಆಫೀಸಿನಾಗ ಮಂದಿ ಕಡಿಮಿ ಅದಾರ" ಎಂದರು. ಆಮೇಲೆ ಸರ್ ತರಗತಿಗೆ ತಿಳಿಸಿ ಹೇಳಿದರಂತೆ: ಬರುವವರು ಎಂಟು ಮಂದಿ, ಎಂಟನೆಯವನು ಮಧ್ಯಾಹ್ನದ ಬುತ್ತಿ ಉಂಡು ಮನೆಗೆ ಹೋಗುತ್ತಾನೆ.

ಅವರ ದೊಡ್ಡ ನೇಮ ಇನ್ನೊಂದಿತ್ತು. ಸುಳ್ಳು ಲೆಕ್ಕ ಕೊಡುತ್ತಿರಲಿಲ್ಲ. ಯಾವುದೋ ಗೈಡಿನಲ್ಲಿ ಒಬ್ಬ ಅರವತ್ತು ಕಲ್ಲಂಗಡಿ ಕೊಂಡು ಸೈಕಲ್ ಮೇಲೆ ಮನೆಗೆ ಹೋಗುತ್ತಾನೆ. ಸರ್ ಅದನ್ನು ಓದಿ ಪುಸ್ತಕ ಮುಚ್ಚಿದರು. "ಇಂವ ಯಾರು? ಯಾವೂರಾಂವ? ಇಷ್ಟು ಕಲ್ಲಂಗಡಿ ತಗೊಂಡು ಹೋದ್ರ ಹೆಣ್ತಿ ಒಳಗ ಬಿಟ್ಟಾಳೇನು? ಗುರುತಿಲ್ಲದವರ ಲೆಕ್ಕಾ ನಮಗ್ಯಾಕ ಬೇಕ್ರೋ?" ಹಾಗಾಗಿ ಅವರ ಪ್ರಶ್ನೆಪತ್ರಿಕೆಯಲ್ಲಿ ಬರುವವರೆಲ್ಲ ಇದ್ದ ಮನುಷ್ಯರು, ಅಂಕಿಯೆಲ್ಲ ಸರ್ ಕಣ್ಣಾರೆ ಕಂಡದ್ದು. ಬೇಸಿಗೆ ರಜೆಯಲ್ಲಿ ಅವರು ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಗೆ ಹೋಗಿ, ತೊಗರಿ ಚೀಲ ಎತ್ತುವ ಹಮಾಲರ ಹತ್ತಿರ ಛತ್ರಿ ಊರಿಕೊಂಡು ನಿಲ್ಲುತ್ತಿದ್ದರು. ಒಬ್ಬ ಹಮಾಲ ಅಂದ, "ಸರ್, ನಾ ದಿನಕ್ಕ ನೂರಾ ಇಪ್ಪತ್ತು ಚೀಲ ಎತ್ತೀನಿ ಅಂತ ಬರೀರಿ." ಸರ್ ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತು ಎಣಿಸಿ ಎಂಬತ್ಮೂರು ಎಂದು ಬರೆದುಕೊಂಡರು. ಅವನಿಗೆ ಸಿಟ್ಟು ಬಂತು. ಮರುದಿನ ಸರ್ ಗಂಜಿನ ತಿರುವಿನಲ್ಲಿ ಕಾಣಿಸಿಕೊಂಡ ಕೂಡಲೇ ಅವನು ಓಡಾಡಿ ಎತ್ತತೊಡಗಿದ. ಆ ದಿನ ತೊಂಬತ್ತೆಂಟಾಯಿತು. ಮೂರನೇ ದಿನ ಸೊಂಟ ಹಿಡಿದು ರಜೆ ಹಾಕಿದ. ಸರ್ ಮೂರೂ ದಿನದ ಸರಾಸರಿ ತೆಗೆದು ಪರೀಕ್ಷೆಗೆ ಹಾಕಿದರು.

ನಮ್ಮ ಕಡೆಯ ಕೆಂಪು ಬಾಳೆಹಣ್ಣಿನ ಲೆಕ್ಕವನ್ನಂತೂ ಊರು ಈಗಲೂ ನೆನೆಯುತ್ತದೆ. ಒಬ್ಬ ಹುಡುಗನ ಮನೆಯವರು ಪ್ರೀತಿಯಿಂದ ಶಾಲೆಗೆ ಒಂದು ಗೊನೆ ಕಳಿಸಿದ್ದರು. ಅದನ್ನು ರಾತ್ರಿ ಸ್ಟಾಫ್ ರೂಮಿನಲ್ಲಿಟ್ಟು ಬೆಳಿಗ್ಗೆ ಹಂಚಿದೆವು. ಮುಂದಿನ ವಾರದ ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಪ್ರಶ್ನೆ ಬಂತು: 'ಗೊನೆಯಲ್ಲಿ ಆರು ಚಿಪ್ಪು, ಚಿಪ್ಪಿಗೆ ಹದಿನಾಲ್ಕು ಹಣ್ಣು. ಮೂವತ್ತೆಂಟು ಮಕ್ಕಳಿಗೆ ಎರಡೆರಡು ಹಂಚಿದ ಮೇಲೆ ಐದು ಉಳಿದವು. ಹಂಚುವ ಮೊದಲು ಹೆಡ್ ಮಾಸ್ತರರು ತಿಂದದ್ದೆಷ್ಟು?' ಮಕ್ಕಳೆಲ್ಲ ಮೂರು ಎಂದು ಬರೆದರು. ಹೆಡ್ ಮಾಸ್ತರರು ಪತ್ರಿಕೆ ಹಿಡಿದು ಬಂದರು. "ಏನ್ ಸರ್ ಇದು? ನಾ ಎರಡ ತಿಂದೀನ್ರಿ, ದೇವರಾಣಿ!" ಸರ್ ಗಂಭೀರವಾಗಿ ಅಂದರು, "ಹಂಗಾದ್ರ ಇದರಾಗ ಅವ್ಯಕ್ತ ಒಂದಲ್ಲ, ಎರಡದಾವ." ವಿಜ್ಞಾನದ ಮೇಡಂ ಎದ್ದು ಪ್ರಯೋಗಾಲಯದ ಕಡೆ ಹೋದರು.

ಹೀಗಾಗಿ ಗಣಿತದ ಪರೀಕ್ಷೆಯ ದಿನ ಊರಿಗೆ ಊರೇ ಕಾಯುತ್ತಿತ್ತು. ಸಂಜೆ ಬಸ್ ಸ್ಟ್ಯಾಂಡಿನ ಎದುರಿನ ಚಹಾದ ಹೋಟೆಲಿನಲ್ಲಿ ಯಾರಾದರೊಬ್ಬರು ಪ್ರಶ್ನೆಪತ್ರಿಕೆ ದೊಡ್ಡದಾಗಿ ಓದುವುದು, ಉಳಿದವರು ಬೀಡಿಪೊಟ್ಟಣದ ಹಿಂದೆ ಲೆಕ್ಕ ಬಿಡಿಸುವುದು. ಈ ಸಲ ಯಾರು ಬಂದಾರ, ಎಷ್ಟು ಅಂಕಕ್ಕ ಬಂದಾರ ಎಂಬುದೇ ಮಾತು. ಕ್ಷೌರದವ ಸರ್ ಗಡ್ಡಕ್ಕೆ ಸೋಪು ಹಚ್ಚಿ ಕತ್ತಿ ಎತ್ತಿ ಹಿಡಿದು ಕೇಳಿದ್ದನಂತೆ: "ಪಾನಪಟ್ಟಿಯಾಂವ ಎರಡು ಸಲ ಬಂದಾನ್ರಿ. ನಾ ಏನ್ ಪಾಪ ಮಾಡೀನಿ?" ಅದೊಂದು ಬಾಳೆಹಣ್ಣು ಬಿಟ್ಟರೆ, ಸರ್ ಲೆಕ್ಕದಲ್ಲಿ ಬಂದದ್ದು ಸುಳ್ಳೆಂದು ಯಾರೂ ಅಂದದ್ದಿಲ್ಲ. ಗಂಡ-ಹೆಂಡತಿ ಜಗಳದಲ್ಲೂ 'ಸರ್ ಲೆಕ್ಕದಾಗ ಬಂದದ' ಎಂದರೆ ಮುಗಿಯಿತು.

ಇಂಥ ಮನುಷ್ಯರ ಜೊತೆ ನಾನು ದಿನಾ ಕಲಬುರಗಿಯಿಂದ ಕಮಲಾಪುರಕ್ಕೆ ಒಂದೇ ಸೀಟಿನಲ್ಲಿ ಕೂತು ಬರುತ್ತಿದ್ದೆ.

ಆಗ ನನಗೆ ಮೂವತ್ನಾಲ್ಕು. ಮೂರು ಕಡೆ ಹೆಣ್ಣು ನೋಡಿ ಬಂದು, ಮೂರೂ ಕಡೆಯಿಂದ 'ಹುಡುಗಗ ವಯಸ್ಸಾಗ್ಯದ' ಎಂಬ ಮಾತು ಬಂದಿತ್ತು. ನಾಲ್ಕನೆಯದಕ್ಕೆ ಕಾಕಾ ನನ್ನನ್ನು ಕೇಳದೆ ಇಪ್ಪತ್ತೊಂಬತ್ತು ಎಂದು ಹೇಳಿಬಿಟ್ಟಿದ್ದರು. "ಸಾವಿರ ಸುಳ್ಳು ಹೇಳಿ ಒಂದು ಮದವಿ ಮಾಡು ಅಂತಾರ. ನಾ ಒಂದ ಹೇಳೀನಿ. ಇನ್ನ ಒಂಬೈನೂರಾ ತೊಂಬತ್ತೊಂಬತ್ತು ಹಂಗ ಉಳದಾವ" ಎಂದು ನನಗೇ ಉಪಕಾರ ಮಾಡಿದವರ ಹಾಗೆ ಹೇಳಿದರು. ಅಲ್ಲಗಳೆಯುವ ಧೈರ್ಯ ನನಗಾಗಲಿಲ್ಲ. ಹುಡುಗಿಯನ್ನು ನೋಡಿದ ಮೇಲಂತೂ ಮನಸ್ಸೂ ಆಗಲಿಲ್ಲ. ಆಕೆ ಕಲಬುರಗಿಯ ಜಗತ್ ಸರ್ಕಲ್ ಹತ್ತಿರದ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿಯ ಪ್ಲೇಟು ಇಟ್ಟು ನನ್ನ ಎದುರಿಗೇ ಕೂತು ಒಂದೇ ಪ್ರಶ್ನೆ ಕೇಳಿದಳು: "ನೌಕರಿಗಿ ಸೇರಿ ಎಷ್ಟು ವರ್ಷ ಆತ್ರೀ?" ನಾನು ಎದೆಯುಬ್ಬಿಸಿ ಹನ್ನೊಂದು ಎಂದೆ. ಆಕೆ ಸಣ್ಣಗೆ ನಕ್ಕು ನನ್ನ ಪ್ಲೇಟಿಗೆ ಇನ್ನೊಂದು ಭಜಿ ಹಾಕಿದಳು. ಆ ನಗೆಯ ಮೇಲೆ ನಾನು ಹದಿನೈದು ದಿನ ಬದುಕಿದೆ.

ಸಂಬಂಧ ಕೂಡಿತೆಂದು ಸರ್‌ಗೆ ಬಸ್ಸಿನಲ್ಲಿ ಹೇಳಿದೆ. ಅವರಿಗೆ ಕುಣಿಯುವಷ್ಟು ಖುಷಿ. ಒಂದಷ್ಟು ದೂರ ಹೋದ ಮೇಲೆ ಕೇಳಿದರು, "ಮಾಸ್ತರ, ನೀವು ಹುಟ್ಟಿದಾಗ ನಿಮ್ಮ ತಾಯಿಯವರಿಗಿ ಎಷ್ಟು ವರ್ಷ?"

"ಇಪ್ಪತ್ತೆರಡ್ರಿ."

"ಈಗ?"

"ಐವತ್ತಾರು."

ಸರ್ ಕಣ್ಣು ಮುಚ್ಚಿ ಮುಗುಳುನಗುತ್ತ ಕೂತರು. ತಮ್ಮ ತಾಯಿಯನ್ನು ನೆನೆಯುತ್ತಿದ್ದಾರೆಂದು ನಾನು ಸುಮ್ಮನಾದೆ. ಅವರು ಲೆಕ್ಕ ಕಟ್ಟುತ್ತಿದ್ದರು.

ಮಂಗಳವಾರ ಪರೀಕ್ಷೆ ಶುರುವಾಗಿ ಹತ್ತು ನಿಮಿಷಕ್ಕೆ ಅವರು ವರಾಂಡದಲ್ಲಿದ್ದ ನನ್ನ ಹತ್ತಿರ ಬಂದು, ಲಗ್ನಪತ್ರಿಕೆ ಕೊಡುವ ಹಾಗೆ ಎರಡೂ ಕೈಯಿಂದ ಪ್ರಶ್ನೆಪತ್ರಿಕೆ ಕೊಟ್ಟರು. "ಹನ್ನೆರಡನೇದು ನೋಡ್ರಿ. ಮದವಿಗಿ ನನ್ನ ಕಡಿಂದ ಆಹೇರು."

ಓದಿದೆ. 'ನಮ್ಮ ಕನ್ನಡ ಮಾಸ್ತರರು ಹುಟ್ಟಿದಾಗ ಅವರ ತಾಯಿಗೆ ಇಪ್ಪತ್ತೆರಡು ವರ್ಷ. ಹತ್ತು ವರ್ಷಗಳ ಹಿಂದೆ ತಾಯಿ ಮಗ ಇಬ್ಬರ ವಯಸ್ಸನ್ನು ಕೂಡಿದರೆ ಎಪ್ಪತ್ತು ಆಗುತ್ತಿತ್ತು. ಶೀಘ್ರದಲ್ಲೇ ಮದುಮಗನಾಗಲಿರುವ ಮಾಸ್ತರರ ಈಗಿನ ವಯಸ್ಸೆಷ್ಟು? ಮೊದಲು ಅಂದಾಜು ಮಾಡಿ, ನಂತರ ಸಮೀಕರಣದಿಂದ ಬಿಡಿಸಿರಿ. ಅಂಕ: ನಾಲ್ಕು.'

"ಯಾಕ್ರಿ ಮಾಸ್ತರ, ಮುಖಾ ಸಣ್ಣ ಮಾಡೀರಿ? ಹೆಡ್ ಮಾಸ್ತರರಿಗಿ ಎರಡ ಅಂಕ ಕೊಟ್ಟಿದ್ದೆ, ನಿಮಗ ನಾಕು ಕೊಟ್ಟೀನಿ!"

"ಸರ್," ಎಂದೆ, "ಹೆಣ್ಣಿನವರಿಗಿ ಇಪ್ಪತ್ತೊಂಬತ್ತು ಅಂತ ಹೇಳೇವ್ರಿ."

ಸರ್ ಕಿವಿಯ ಮೇಲಿನ ಚಾಕ್‌ಪೀಸ್ ಕೆಳಗೆ ಬಿತ್ತು. "ಇಪ್ಪತ್ತೊಂಬತ್ತು? ಯಾರು ತಗದ್ರು ಆ ಉತ್ತರಾ?"

"ನಮ್ಮ ಕಾಕಾ."

"ಸಮೀಕರಣ ಇಲ್ಲದನ?"

ಅಷ್ಟರಲ್ಲಿ ಮೂವತ್ತೆಂಟು ಮಕ್ಕಳು ತಲೆ ತಗ್ಗಿಸಿ ನನ್ನ ವಯಸ್ಸನ್ನು ಹುಡುಕುತ್ತಿದ್ದರು. ಇಬ್ಬರು ಪ್ರಾಮಾಣಿಕರು ಅಂದಾಜಿಗಾಗಿ ಎದ್ದು ಕಿಟಕಿಯಿಂದ ನನ್ನ ನೆರೆಯತೊಡಗಿದ ತಲೆಗೂದಲನ್ನೂ ನೋಡಿದರು.

ಸಂಜೆ ಹೋಟೆಲಿನಲ್ಲಿ ಓದಾಯಿತು. ಹುಡುಗಿಯ ಅಕ್ಕನ ಗಂಡ ಅಲ್ಲಿಯೇ ಚಹಾ ಕುಡಿಯುತ್ತಿದ್ದವರು. ಅವರಿಗೆ ಬಿಡಿಸಲು ಬರಲಿಲ್ಲ. ತಮ್ಮ ಹೆಂಡತಿಯ ಕಡೆಯವರ ವಾಟ್ಸಾಪ್ ಗುಂಪಿಗೆ ಪ್ರಶ್ನೆಯ ಫೋಟೋ ಹಾಕಿ, 'ನಮ್ಮ ಹೊಸ ಷಡ್ಡಕ ನಾಲ್ಕು ಅಂಕಕ್ಕ ಬಂದಾನ, ಬಿಡಸ್ರಿ' ಎಂದು ಹೆಮ್ಮೆಯಿಂದ ಬರೆದರು. ಚಹಾ ಆರುವುದರೊಳಗೆ ಬ್ರಹ್ಮಪುರದಿಂದ ನಾಲ್ಕು ಉತ್ತರ ಬಂದವು. ನಾಲ್ಕೂ ಮೂವತ್ನಾಲ್ಕು.

ಮನೆಯಲ್ಲಿ ಕಾಕಾ ಸೋಲೊಪ್ಪಲಿಲ್ಲ. ಗೋಡೆಯ ಕ್ಯಾಲೆಂಡರಿನ ಹಿಂದೆ ಅರ್ಧ ಗಂಟೆ ಗೀಚಿ, ಗೆದ್ದ ಪೈಲ್ವಾನನ ಹಾಗೆ ತಿರುಗಿದರು. "ಸಿಕ್ತು ನೋಡು ತಮ್ಮಾ! ನಿಂದು ಇಳಿಸಿದ ಐದು ವರ್ಷ ನಿಮ್ಮವ್ವನ ಮ್ಯಾಲ ಏರಸಿದ್ರ ಬರೋಬರಿ ಕೂಡ್ತದ. ನಿನಗ ಇಪ್ಪತ್ತೊಂಬತ್ತು, ವೈನಿಗಿ ಅರವತ್ತೊಂದು. ಹತ್ತು ವರ್ಷದ ಹಿಂದ ಹತ್ತೊಂಬತ್ತು, ಐವತ್ತೊಂದು. ಕೂಡಸು. ಎಪ್ಪತ್ತು!"

ಅಡುಗೆಮನೆಯಿಂದ ಅವ್ವ ಲಟ್ಟಣಿಗೆ ಹಿಡಿದೇ ಬಂದಳು. "ಯಾರಿಗೋ ಅರವತ್ತೊಂದು?"

"ಬರೇ ಮದವಿ ಆಗೋತನಕ, ವೈನಿ."

"ಕಾಕಾ," ಎಂದೆ ನಾನು, "ಹಂಗ ಮಾಡಿದ್ರ ನಾ ಹುಟ್ಟಿದಾಗ ಅವ್ವಗ ಮೂವತ್ತೆರಡು ಆಗ್ತದ. ಲೆಕ್ಕದಾಗ ಇಪ್ಪತ್ತೆರಡು ಅಂತ ಅದ."

ಕಾಕಾ ಕ್ಯಾಲೆಂಡರನ್ನು ಮತ್ತೊಮ್ಮೆ ನೋಡಿದರು. "ನಿಮ್ಮ ಸರ್ ಭಾಳ ಕೆಟ್ಟ ಮನಷ್ಯಾ" ಎಂದರು. "ಯಾವ ಕಡಿಂದನೂ ಹೊರಗ ಬರಾಕ ಸಂದಿ ಬಿಟ್ಟಿಲ್ಲ."

ಹೀಗೆ ಆ ಶನಿವಾರ ಬಂತು. ಈಗ ನಿಮಗೆ ಗೊತ್ತು, ಹುಡುಗಿಯ ತಂದೆ 'ಈ ಲೆಕ್ಕಾ ಖರೆ ಏನ್ರೀ' ಎಂದಾಗ ಆ ಕೋಣೆಯಲ್ಲಿ ಯಾಕೆ ಎಲ್ಲರೂ ಸರ್ ಕಡೆ ತಿರುಗಿದರು ಎಂದು.

ಸರ್ ಎದ್ದರು. ನನ್ನ ಮುಖ ನೋಡಿದರು. ಪ್ರಶ್ನೆಪತ್ರಿಕೆಯನ್ನು ಎತ್ತಿ ಕಣ್ಣಿಗೆ ಹತ್ತಿರ ಹಿಡಿದರು.

"ತಪ್ಪದ್ರಿ" ಎಂದರು.

ಹೆಡ್ ಮಾಸ್ತರರ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಸರ್ ಜೇಬಿನಿಂದ ಪೆನ್ನು ತೆಗೆದರು. "ಇಲ್ಲಿ ಎಪ್ಪತ್ತಲ್ರಿ, ಅರವತ್ತು ಇರಬೇಕಿತ್ತು. ಬರಿಯೋ ಮುಂದ ನನ್ನ ಕೈ ಜಾರ್ಯದ. ಅರವತ್ತು ಹಾಕಿದ್ರ ಇಪ್ಪತ್ತೊಂಬತ್ತ ಬರತದ, ನೋಡ್ರಿ." ಎಪ್ಪತ್ತನ್ನು ಹೊಡೆದು ಅರವತ್ತು ಮಾಡಿದರು. ತಾಳೆಯಾಗುವ ಅಂಕಿ ಹುಡುಕಲು ಅವರಿಗೆ ಒಂದು ಗಳಿಗೆಯೂ ಹಿಡಿಯಲಿಲ್ಲ, ಅದನ್ನು ಬರೆಯಲು ಮಾತ್ರ ಬಹಳ ಹೊತ್ತು ಹಿಡಿಯಿತು. ಅವರ ಎಡಗಿವಿ ಕೆಂಪಾಗಿತ್ತು. ಬಲಗಿವಿ ಚಾಕಿನಿಂದಾಗಿ ಗೊತ್ತಾಗಲಿಲ್ಲ.

"ಸರ್, ನಿಮ್ಮ ಲೆಕ್ಕಾ ಯಾವಾಗರೆ ತಪ್ಪ್ಯಾವೇನ್ರಿ?" ಎಂದರು ಹಿರಿ ಅಳಿಯ, ನಂಬದೆ. "ಇಡೀ ಹೋಟೆಲ್ ಕುಂತು ಬಿಡಿಸೇವಿ!"

"ತಪ್ಪತಾವ್ರಿ. ನಾನೂ ಮನಷ್ಯಾನ ಅಲ್ಲೇನ್ರಿ?" ಸರ್ ಅಂದರು. ಆ ದನಿ ಅವರದಾಗಿರಲಿಲ್ಲ. ಅರ್ಧ ಮನುಷ್ಯನ ದನಿ ಹಾಗಿರುತ್ತದೋ ಏನೋ.

ಹುಡುಗಿಯ ತಂದೆಯ ಮುಖ ಸಡಿಲವಾಯಿತು. ಕಾಕಾ ಮೊದಲ ಬಾರಿಗೆ ನೆಲ ಬಿಟ್ಟು ಮೇಲೆ ನೋಡಿದರು. ನಾನು ಸುಮ್ಮನಿದ್ದರೆ ಸಾಕಿತ್ತು, ಕೆಲಸ ಮುಗಿಯುತ್ತಿತ್ತು. ಆದರೆ ಅಷ್ಟು ವರ್ಷ ಒಂದೇ ಸೀಟಿನಲ್ಲಿ ಕೂತು ಬಂದವರು ನನ್ನ ಸಲುವಾಗಿ ಅಲ್ಲಿ ಹಾಗೆ ನಿಂತಿದ್ದನ್ನು ನೋಡಲು ನನ್ನಿಂದ ಆಗಲಿಲ್ಲ.

"ತಪ್ಪಿಲ್ರಿ" ಎಂದೆ. "ಸರ್ ಲೆಕ್ಕಾ ಖರೆ ಅದ. ಎಪ್ಪತ್ತ. ನನಗ ಮೂವತ್ನಾಕು."

ಕಾಕಾ ಹಣೆ ಬಡಿದುಕೊಂಡರು. ಹಿರಿಯರು ನಿಧಾನಕ್ಕೆ ಹೆಗಲ ಮೇಲಿನ ವಲ್ಲಿ ಸರಿಪಡಿಸಿಕೊಂಡು ಎದ್ದರು. "ಏಳ್ರಿ ಅಳಿಯಂದ್ರ. ಇಲ್ಲಿ ಕುಂತು ಮಾಡೂದೇನದ?"

ಆಗ ಅಳಿಯಂದಿರ ಎದೆಯೊಳಗಿಂದ ಹೆಣ್ಣಿನ ದನಿ ಬಂತು: "ಅಪ್ಪಾ, ಕುಂಡ್ರು."

ಮೊಬೈಲು ಆವಾಗಿನಿಂದ ಚಾಲೂ ಇತ್ತು. ಅತ್ತ ಜಗತ್ ಸರ್ಕಲ್ಲಿನ ಔಷಧಿ ಅಂಗಡಿಯಲ್ಲಿ ನಿಂತು ಹುಡುಗಿ ಪೂರ್ತಿ ಕೇಳಿಸಿಕೊಂಡಿದ್ದಳು. ಅಳಿಯಂದಿರು ಮೊಬೈಲನ್ನು ಮೇಜಿನ ಮೇಲಿಟ್ಟು, ತಾವು ನಿರಪರಾಧಿ ಎಂಬಂತೆ ಕೈ ಹಿಂದೆ ಕಟ್ಟಿದರು.

"ಅವರಿಗಿ ಇಪ್ಪತ್ತೊಂಬತ್ತು ಅಲ್ಲ ಅಂತ ನನಗ ನೋಡಾಕ ಬಂದ ದಿನನ ಗೊತ್ತಾಗ್ಯದ" ಎಂದಳು. "ಹನ್ನೊಂದು ವರ್ಷ ನೌಕರಿ ಅಂದ್ರು. ಇಪ್ಪತ್ತೊಂಬತ್ತರಾಗ ಹನ್ನೊಂದು ಕಳಿ. ಹದಿನೆಂಟಕ್ಕ ಬಿ.ಎ., ಬಿ.ಎಡ್. ಎರಡೂ ಮುಗಿಸಿ ಹೈಸ್ಕೂಲ್ ಮಾಸ್ತರ ಆದವ್ರನ್ನ ಎಲ್ಲರೆ ನೋಡೀಯೇನು? ಮೂವತ್ಮೂರರಿಂದ ಮೂವತ್ತೈದು ಅಂತ ಆವತ್ತ ಅಂದಾಜು ಹಾಕಿದ್ದೆ."

"ಗೊತ್ತಿದ್ದೂ ಬಾಯಿ ಮುಚ್ಕೊಂಡು ಯಾಕ ಕುಂತೆವ್ವಾ?"

"ನೀ ನನಗ ಇಪ್ಪತ್ನಾಕು ಅಂತ ಹೇಳಿದ್ಯಲ್ಲ, ಅದಕ್ಕ. ನನಗ ಇಪ್ಪತ್ತೇಳು. ಅವರು ಐದು ಇಳಿಸ್ಯಾರ, ನಾವು ಮೂರು ಇಳಿಸೇವಿ. ಕಳದ್ರ ಉಳಿಯೂದು ಎರಡ. ಎರಡು ವರ್ಷದ ಸಲುವಾಗಿ ಊರ ಮಂದಿ ಮುಂದ ಜಗಳಾಡ್ತಿ ಏನು?"

ಹಿರಿಯರು ಕೂತರು. ವಲ್ಲಿಯಿಂದ ಮುಖ ಒರೆಸಿಕೊಂಡರು, ಒರೆಸುವುದಕ್ಕೆ ಏನೂ ಇರಲಿಲ್ಲ. ನಮ್ಮ ಕಾಕಾನಿಗೆ ಮಾತ್ರ ಜೀವ ಬಂತು. "ಅಂದ್ರ ನೀವೂ ಇಳಿಸೀರಿ?" ಎಂದು ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡರು. ಕಳೆದುಹೋದ ಅಣ್ಣತಮ್ಮ ಸಿಕ್ಕ ಹಾಗಿತ್ತು.

"ಇಬ್ಬರಾಗ ಯಾರರೆ ಒಬ್ಬರು ಖರೆ ಹೇಳ್ಲಿ ಅಂತ ಇಷ್ಟು ದಿನ ಕಾದೆ" ಎಂದಿತು ಮೊಬೈಲು. "ಇವತ್ತ ಹೇಳ್ಯಾರ. ಇನ್ನ ತಾರೀಖು ನೋಡ್ರಿ. ಗಿರಾಕಿ ಬಂದಾರ, ಇಡ್ತೀನಿ."

"ಯವ್ವಾ, ತಡಿ, ತಡಿ!" ಸರ್ ಮೊಬೈಲಿನ ಮೇಲೆ ಬಾಗಿದರು. ಅವರ ದನಿ ವಾಪಸ್ ಬಂದಿತ್ತು. "ನನ್ನ ಲೆಕ್ಕಾ ಬಿಡಿಸಿದಿ ಏನು? ಸಮೀಕರಣದಲೆ?"

"ಬಿಡಿಸೀನ್ರಿ ಸರ್. ಹತ್ತು ವರ್ಷ ತಾಯಿದೂ ಕಳದೀನಿ, ಮಗಂದೂ ಕಳದೀನಿ."

"ಶಾಭಾಸ್! ಭಾಳ ಮಂದಿ ಅಲ್ಲೇ ಜಾರ್ತಾರ." ಸರ್ ನೆಟ್ಟಗೆ ನಿಂತು ನನ್ನ ಹೆಗಲು ಹಿಡಿದರು. "ಮಾಸ್ತರ, ನೀವು ಬರೇ ಅಂದಾಜಿನ ಮ್ಯಾಲ ಮದವಿ ಆಗಾಕತ್ತೀರಿ. ಆ ಹುಡುಗಿ ತಾಳೆ ನೋಡಿ ಆಗಾಕತ್ತಾಳ." ಆಮೇಲೆ ಕೂತು, ತಾವೇ ಮಾಡಿದ ಅರವತ್ತನ್ನು ಎರಡೆರಡು ಸಲ ಹೊಡೆದುಹಾಕಿ, ಮೇಲೆ ದೊಡ್ಡದಾಗಿ ಎಪ್ಪತ್ತು ಬರೆದರು.

ಮದುವೆ ಆಯಿತು, ಅದನ್ನು ಬೇರೆ ಹೇಳಬೇಕಿಲ್ಲ. ಆದರೆ ಆ ಶನಿವಾರದ ಮರು ಸೋಮವಾರ ಇನ್ನೊಂದು ನಡೆಯಿತು.

ಎರಡನೇ ಪಿರಿಯಡ್ ಆದ ಮೇಲೆ ಒಂಬತ್ತನೇ ವರ್ಗದ ಒಬ್ಬ ಹುಡುಗಿ ತನ್ನ ಉತ್ತರಪತ್ರಿಕೆ ಹಿಡಿದು ಸ್ಟಾಫ್ ರೂಮಿಗೆ ಬಂದಳು. ಹನ್ನೆರಡನೇ ಪ್ರಶ್ನೆಗೆ ಆಕೆ ತಾಯಿಯ ವಯಸ್ಸಿನಲ್ಲಿ ಹತ್ತು ಕಳೆದು, ಮಗನದರಲ್ಲಿ ಕಳೆಯಲು ಮರೆತು, ಇಪ್ಪತ್ತೊಂಬತ್ತು ಎಂದು ಉತ್ತರ ತಂದಿದ್ದಳು. ಸರ್ ನಾಲ್ಕಕ್ಕೆ ಒಂದು ಅಂಕ ಕೊಟ್ಟು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಅಂದಾಜು ಎಲ್ಲಿ? ಮಾಸ್ತರರ ತಲೆಯನ್ನು ಒಮ್ಮೆ ನೋಡು' ಎಂದು ಬರೆದಿದ್ದರು.

"ಸರ್, ಶನಿವಾರ ನೀವು ಎಪ್ಪತ್ತಲ್ಲ ಅರವತ್ತು ಅಂದ್ರಂತ್ರಿ" ಎಂದಳು. "ಅರವತ್ತು ಹಿಡಿದ್ರ ನನ್ನ ಉತ್ತರ ಬರೋಬರಿ ಆಗ್ತದ. ನನ್ನ ಮೂರು ಅಂಕ ಕೊಡ್ರಿ."

"ಅದು ಎಷ್ಟು ಹೊತ್ತು ಅರವತ್ತು ಇತ್ತು, ಗೊತ್ತದ ಏನು ನಿನಗ?"

"ಎಷ್ಟ ಹೊತ್ತರೆ ಇರಲ್ರಿ ಸರ್. ನೀವ ಅಂದೀರಿ."

ಸರ್ ನನ್ನ ಕಡೆ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ. ಅವರು ಪೆನ್ನಿನ ಟೊಪ್ಪಿಗೆ ತೆಗೆದು, ಒಂದನ್ನು ಹೊಡೆದು ನಾಲ್ಕು ಮಾಡಿ, ಕೆಳಗೆ ಸಹಿ ಹಾಕಿದರು. ಹುಡುಗಿ ಹೋಗಲು ತಿರುಗಿದಾಗ ಅಲ್ಲೇ ಕೂಡಿಸಿ, ಬಿಳಿ ಹಾಳೆ ಕೊಟ್ಟು, ಎಪ್ಪತ್ತು ಹಿಡಿದು ಮತ್ತೆ ಮೊದಲಿಂದ ಬಿಡಿಸಲು ಹೇಳಿದರು. ಆಕೆ ಈ ಸಲ ಇಬ್ಬರದೂ ಹತ್ತು ಹತ್ತು ಕಳೆದು ಮೂವತ್ನಾಲ್ಕು ತಂದಳು. ತಲೆಯೆತ್ತಿ ನನ್ನ ಕೂದಲನ್ನು ಒಮ್ಮೆ ಸರಿಯಾಗಿ ನೋಡಿ, ಉತ್ತರದ ಕೆಳಗೆ ಎರಡು ಗೆರೆ ಎಳೆದಳು.